ದುಡಿಮೆ ಸಾಮರ್ಥ್ಯದ ಅಳತೆಗೋಲು – ಒಂದು ವಿಮರ್ಶೆ

ಯಾವುದೇ ಉಪಕರಣವನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಸೊನ್ನೆ ಸರಿಯಿದೆಯೇ ಎಂದು ನೋಡಬೇಕು. ಇದನ್ನು ಪದವಿ ತರಗತಿಯ ಮೊದಲ ಪ್ರಯೋಗದಲ್ಲೇ ಹೇಳಿಕೊಡುತ್ತೇವೆ. ವರ್ನಿಯರ್ ಕ್ಯಾಲಿಪರ್ಸ್‌ನ ದವಡೆಗಳು ಪೂರ್ತಿ ಮುಚ್ಚಿಕೊಂಡಾಗಲೂ ಅದು 0.2 ಮಿಲಿಮೀಟರ್ ತೋರಿಸುತ್ತಿದ್ದರೆ, ಅದರಿಂದ ಪಡೆದ ಪ್ರತಿಯೊಂದು ಅಳತೆಯಲ್ಲೂ ಆ ದೋಷ ಸೇರಿರುತ್ತದೆ. ಎಷ್ಟೇ ಎಚ್ಚರಿಕೆಯಿಂದ ನೂರು ಬಾರಿ ಅಳೆದು ಸರಾಸರಿ ತೆಗೆದರೂ ಈ ದೋಷ ಹೋಗುವುದಿಲ್ಲ. ಮನುಷ್ಯರು ದೀರ್ಘಕಾಲ ದುಡಿಯುವ ಸಾಮರ್ಥ್ಯವನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ಬೆಳೆದಿರುವ ಸಂಶೋಧನೆಯನ್ನು ಓದುವಾಗ ನನಗೆ ಪದೇ ಪದೇ ನೆನಪಾದದ್ದು ಈ ಸೊನ್ನೆಯ ದೋಷವೇ.

ಈ ಸಂಶೋಧನೆಯ ಮೂಲ ಫಿನ್ಲೆಂಡ್. ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 1981ರಲ್ಲಿ ನಗರಸಭೆ, ಪುರಸಭೆಗಳ ಆರು ಸಾವಿರಕ್ಕೂ ಹೆಚ್ಚು ನೌಕರರನ್ನು ಆಯ್ದುಕೊಂಡು 1992ರವರೆಗೆ ಅವರ ಬೆನ್ನು ಹತ್ತಿದರು. ಆರಂಭದಲ್ಲಿ ಈ ನೌಕರರ ವಯಸ್ಸು 44ರಿಂದ 58. ಯಾವ ಕೆಲಸದವರು ಎಷ್ಟು ವಯಸ್ಸಿನವರೆಗೆ ದುಡಿಯಬಲ್ಲರು, ಯಾರು ಅವಧಿಗೆ ಮುನ್ನವೇ ಅಶಕ್ತರಾಗಿ ನಿವೃತ್ತರಾಗುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಯುಹಾನಿ ಇಲ್ಮಾರಿನೆನ್, ಕಾಯ್ಯಾ ತುವೊಮಿ ಮತ್ತು ಅವರ ಸಂಗಡಿಗರು ಈ ಅಧ್ಯಯನದಿಂದ ರೂಪಿಸಿದ್ದೇ ‘ದುಡಿಮೆ ಸಾಮರ್ಥ್ಯ ಸೂಚ್ಯಂಕ’. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿರುವ ಇದು ಈ ಕ್ಷೇತ್ರದ ಬಹುಪಾಲು ಪ್ರಬಂಧಗಳಲ್ಲಿ ಇಂದಿಗೂ ಅಳತೆಗೋಲಾಗಿದೆ.

ಸೂಚ್ಯಂಕದಲ್ಲಿರುವುದು ಏಳು ಅಂಶಗಳು. ಬದುಕಿನ ಅತ್ಯುತ್ತಮ ಕಾಲಕ್ಕೆ ಹೋಲಿಸಿದರೆ ಇಂದಿನ ಸಾಮರ್ಥ್ಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ? ಕೆಲಸ ಬೇಡುವ ದೈಹಿಕ ಮತ್ತು ಮಾನಸಿಕ ಶ್ರಮಕ್ಕೆ ನೀವು ಎಷ್ಟು ಸಮರ್ಥರು? ವೈದ್ಯರು ಗುರುತಿಸಿರುವ ಕಾಯಿಲೆಗಳು ಎಷ್ಟು? ಅವು ಕೆಲಸಕ್ಕೆ ಎಷ್ಟು ಅಡ್ಡಿಯಾಗಿವೆ? ಕಳೆದ ಹನ್ನೆರಡು ತಿಂಗಳಲ್ಲಿ ಅನಾರೋಗ್ಯದ ರಜೆ ಎಷ್ಟು ದಿನ? ಇನ್ನೆರಡು ವರ್ಷ ಇದೇ ಕೆಲಸ ಮಾಡಬಲ್ಲಿರಾ? ಮನಸ್ಸಿನ ಉತ್ಸಾಹ ಹೇಗಿದೆ? ಎಲ್ಲವನ್ನೂ ಕೂಡಿದರೆ ಕನಿಷ್ಠ 7, ಗರಿಷ್ಠ 49 ಅಂಕ. 27ರವರೆಗೆ ಕಳಪೆ, 28ರಿಂದ 36 ಸಾಧಾರಣ, 37ರಿಂದ 43 ಉತ್ತಮ, ಅದಕ್ಕೂ ಮೇಲೆ ಅತ್ಯುತ್ತಮ ಎಂದು ವರ್ಗೀಕರಿಸಲಾಗಿದೆ. ಹತ್ತು ನಿಮಿಷದ ಕೆಲಸ. ಖರ್ಚು ಒಂದು ಹಾಳೆ ಕಾಗದ. ಇದು ಜನಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಈಗ ಬುಕ್ಕಸಾಗರಕ್ಕೆ ಬನ್ನಿ. ಹೊಸಪೇಟೆಯಿಂದ ಕಮಲಾಪುರ ಹಾದು ಕಂಪ್ಲಿಯ ಕಡೆಗೆ ಹೊರಟರೆ ತುಂಗಭದ್ರೆಯ ಬಲದಂಡೆಯ ಬಯಲಿನಲ್ಲಿ ಈ ಊರಿದೆ. ವಿಜಯನಗರದ ಅರಸರ ಕಾಲದ ಕಾಲುವೆಗಳ ಸೀಮೆ ಇದು. ಸುತ್ತ ಭತ್ತ, ಕಬ್ಬು, ಬಾಳೆ. ಹಂಪಿಯನ್ನು ನೋಡಲು ಬಂದವರು ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಆದರೆ ಅದೇ ಕಾಲದ ಕಾಲುವೆಯ ನೀರಿನಲ್ಲಿ ಮೊಣಕಾಲವರೆಗೆ ಇಳಿದು, ಸೊಂಟ ಬಗ್ಗಿಸಿ ಸಸಿ ಹಚ್ಚುವ ಹೆಂಗಸರ ಸಾಲನ್ನು ನೋಡುವವರು ಕಡಿಮೆ. ಈ ಭಾಗದಲ್ಲಿ ಭತ್ತಕ್ಕೆ ‘ನೆಲ್ಲು’ ಎನ್ನುತ್ತಾರೆ, ನಾಟಿಗೆ ‘ನೆಲ್ಲು ಹಚ್ಚೋದು’ ಎನ್ನುತ್ತಾರೆ.

ಮೇಲಿನ ಏಳು ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿಕೊಂಡು ಅಂಥ ಒಬ್ಬ ಹೆಣ್ಣುಮಗಳ ಮುಂದೆ ಇಟ್ಟೆ. ಇದನ್ನು ಸಮೀಕ್ಷೆ ಎಂದು ಕರೆಯಲು ಬರುವುದಿಲ್ಲ. ಉಪಕರಣವನ್ನು ಒಮ್ಮೆ ಅಲ್ಲಾಡಿಸಿ ನೋಡಿದಂತೆ ಅಷ್ಟೆ. ವಯಸ್ಸು ಎಷ್ಟೆಂದರೆ “ನಲವತ್ತೈದು ಇರಬೇಕು ನೋಡ್ರಿ” ಎಂದಳು. ಮೊದಲ ಪ್ರಶ್ನೆಗೆ ಹತ್ತಕ್ಕೆ ಏಳು ಕೊಟ್ಟುಕೊಂಡಳು. ಮೈ ಬಗ್ಗುತ್ತದೆಯೇ ಎಂದರೆ “ಬಗ್ಗದಿದ್ರ ಉಣ್ಣೋದು ಹೆಂಗ್ರಿ” ಎಂಬ ಉತ್ತರ. ಕಾಯಿಲೆ ಏನಾದರೂ ಇದೆಯೇ? “ಡಾಕ್ಟ್ರು ಏನೂ ಹೇಳಿಲ್ಲ.” ಡಾಕ್ಟರಲ್ಲಿಗೆ ಹೋಗಿದ್ದೆಯೇನವ್ವಾ ಎಂದಾಗ “ಹೋಗಿಲ್ಲಲ್ರಿ ಸಾರ್.” ರಜೆಯ ಪ್ರಶ್ನೆಗೆ ಬಂದಾಗ ಅವಳೇ ನನ್ನನ್ನು ಕೇಳಿದಳು: “ರಜಾ ಅಂದ್ರ ಕೆಲ್ಸ ಇಲ್ಲದ ದಿನಾನ್ರಿ?” ಮೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ಸಂಜೆ ನುಂಗುತ್ತಾಳಂತೆ. ನಾಟಿಯ ತಿಂಗಳಲ್ಲಿ ದಿನವೂ.

ಅಂಕ ಹಾಕೋಣ. ಮೊದಲ ಅಂಶಕ್ಕೆ 7. ಎರಡನೆಯದರಲ್ಲಿ ದೈಹಿಕ ಶ್ರಮದ ಕೆಲಸವಾದರೆ ದೇಹದ ಅಂಕವನ್ನು ಒಂದೂವರೆಯಿಂದ, ಮನಸ್ಸಿನ ಅಂಕವನ್ನು ಅರ್ಧದಿಂದ ಗುಣಿಸಬೇಕೆಂದು ನಿಯಮ. ಎರಡಕ್ಕೂ 4 ಇಟ್ಟರೆ 6 ಕೂಡಿಸು 2, ಒಟ್ಟು 8. ವೈದ್ಯರು ಗುರುತಿಸಿದ ಕಾಯಿಲೆ ಒಂದೂ ಇಲ್ಲವಾದ್ದರಿಂದ ಪೂರ್ತಿ 7. ಕೆಲಸ ಮಾಡಬಲ್ಲೆ, ಆದರೆ ನೋವಿದೆ ಎಂಬುದಕ್ಕೆ 5. ಅನಾರೋಗ್ಯದ ರಜೆ ಇಲ್ಲ, ಪೂರ್ತಿ 5. ಇನ್ನೆರಡು ವರ್ಷದ ಮಾತು ದೇವರಿಗೇ ಗೊತ್ತು ಎಂಬುದಕ್ಕೆ 4. ಮನಸ್ಸಿನ ಉತ್ಸಾಹಕ್ಕೆ 3. ಒಟ್ಟು 39. ದುಡಿಮೆ ಸಾಮರ್ಥ್ಯ: ‘ಉತ್ತಮ’.

ಇದೇ ಹೆಣ್ಣುಮಗಳು ಒಂದು ಒಳ್ಳೆಯ ಆಸ್ಪತ್ರೆ ಹತ್ತಿರವಿರುವ ಊರಿನಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ವೈದ್ಯರು ಬೆನ್ನುಮೂಳೆಯ ತೊಂದರೆ ಮತ್ತು ರಕ್ತಹೀನತೆ ಎಂಬ ಎರಡು ಕಾಯಿಲೆಗಳನ್ನು ಗುರುತಿಸಿ, ಹದಿನೈದು ದಿನ ವಿಶ್ರಾಂತಿ ಪಡೆಯಲು ಹೇಳಿ, ಅವಳೂ ಹಾಗೆಯೇ ಮಾಡುತ್ತಾಳೆ. ಆಗ ಕಾಯಿಲೆಯ ಅಂಕ 7ರಿಂದ 4ಕ್ಕೂ, ರಜೆಯ ಅಂಕ 5ರಿಂದ 3ಕ್ಕೂ ಇಳಿಯುತ್ತದೆ. ಒಟ್ಟು 34, ‘ಸಾಧಾರಣ’. ಅಂದರೆ ಚಿಕಿತ್ಸೆ ದೊರೆತವಳ ಸಾಮರ್ಥ್ಯ ದೊರೆಯದವಳಿಗಿಂತ ಕಡಿಮೆ ಎಂದು ಉಪಕರಣ ತೋರಿಸುತ್ತದೆ! ಗಮನಿಸಿ: ಪ್ರಶ್ನಾವಳಿಯಲ್ಲಿ ಕಾಯಿಲೆಯ ಬಗ್ಗೆ ‘ಸ್ವಂತ ಅಭಿಪ್ರಾಯ’ಕ್ಕೂ ಒಂದು ಅಂಕಣವಿದೆ. ಆದರೆ ಅಂಕ ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದು ಫಿನ್ಲೆಂಡಿನವರ ತಪ್ಪಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಅವರು ಈ ಸೂಚ್ಯಂಕವನ್ನು ರೂಪಿಸಿದ್ದು ಕೆಲಸದ ಜಾಗದಲ್ಲೇ ಆರೋಗ್ಯ ಸೇವೆಯಿರುವ, ಸಂಬಳಸಹಿತ ರಜೆಯಿರುವ, ಅಶಕ್ತರಾದವರಿಗೆ ಪಿಂಚಣಿಯಿರುವ ನೌಕರರಿಗಾಗಿ. ಅಂಥ ಕಡೆ ಕಡಿಮೆ ಅಂಕ ಪಡೆದವರು ಮುಂದೆ ಅಶಕ್ತತೆಯ ಪಿಂಚಣಿಗೆ ಹೋಗುವ ಸಂಭವ ಹೆಚ್ಚು ಎಂಬುದು ಯುರೋಪಿನ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಉಪಕರಣ ಅಲ್ಲಿ ಕೆಲಸ ಮಾಡುತ್ತದೆ. ಆಕ್ಷೇಪಣೆ ಇರುವುದು ಅದರ ಅಂಶಾಂಕನವನ್ನು ಪರೀಕ್ಷಿಸದೆ ಕೂಲಿಕಾರರ ಮೇಲೆ ಬಳಸಿ, ಬಂದ ಅಂಕಿಗಳನ್ನು ದಶಮಾಂಶದ ಎರಡನೇ ಸ್ಥಾನದವರೆಗೆ ಅಚ್ಚು ಹಾಕುವ ಪ್ರವೃತ್ತಿಯ ಬಗ್ಗೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಬೆಳಿಗ್ಗೆ ಗದ್ದೆಗೆ ಹೋಗಿ ಅಲ್ಲಿ ಕೆಲಸ ಮಾಡುತ್ತಿರುವವರನ್ನು ಪರೀಕ್ಷಿಸಿದರೆ ಬಹುಪಾಲು ಎಲ್ಲರೂ ಸಮರ್ಥರೇ. ಏಕೆಂದರೆ ಅಸಮರ್ಥರಾದವರು ಗದ್ದೆಯಲ್ಲಿರುವುದಿಲ್ಲ. ಅವರು ಮನೆಯ ಕಟ್ಟೆಯ ಮೇಲೆ ಕುಳಿತು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುತ್ತಾರೆ. ಸಾಂಕ್ರಾಮಿಕ ರೋಗವಿಜ್ಞಾನದಲ್ಲಿ ಇದನ್ನು ‘ಆರೋಗ್ಯವಂತ ದುಡಿಮೆಗಾರರ ಪರಿಣಾಮ’ ಎನ್ನುತ್ತಾರೆ. 19ನೇ ಶತಮಾನದಲ್ಲೇ ಇಂಗ್ಲೆಂಡಿನ ವಿಲಿಯಂ ಓಗಲ್ ಇದನ್ನು ಗುರುತಿಸಿದ್ದರು. ಫಿನ್ಲೆಂಡಿನಲ್ಲಿ ಕೆಲಸ ಬಿಟ್ಟವರ ಹೆಸರು ಪಿಂಚಣಿಯ ದಾಖಲೆಯಲ್ಲಿ ಸಿಗುತ್ತದೆ. ಇಲ್ಲಿ ಮೇಸ್ತ್ರಿಯ ನೋಟ್‌ಬುಕ್ಕಿನಿಂದ ಹೆಸರು ಬಿಟ್ಟುಹೋದರೆ ಮುಗಿಯಿತು.

ದಾಖಲೆ ಇದ್ದಾಗ ಏನು ಸಾಧ್ಯ ಎಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಕೋಲಾರ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯನ್ನು ಪರೀಕ್ಷಿಸಲಾಯಿತು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ, ಇರುವುದು ತಿಳಿದುಬಂತು. ಕಾರ್ಮಿಕರನ್ನು ‘ನಿಮಗೆ ಹೇಗನ್ನಿಸುತ್ತದೆ’ ಎಂದಷ್ಟೇ ಕೇಳಿದ್ದರೆ ಈ ಸಂಖ್ಯೆ ಬರುತ್ತಿರಲಿಲ್ಲ. ಹೆಸರಿನ ಪಟ್ಟಿ, ಆಸ್ಪತ್ರೆ, ಎಕ್ಸ್-ಕಿರಣ ಮೂರೂ ಇದ್ದುದರಿಂದ ಬಂತು. ಅದೇ ಕೋಲಾರದಲ್ಲಿ 1990ರಲ್ಲಿ ಗಣಿ ಕಾರ್ಮಿಕರ ಆರೋಗ್ಯಕ್ಕಾಗಿ ರಾಷ್ಟ್ರೀಯ ಸಂಸ್ಥೆಯೊಂದು ಆರಂಭವಾಗಿ, ನಂತರ ನಾಗಪುರಕ್ಕೆ ಹೋಗಿ, 2019ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಂಡಿತು. ಗಣಿಗಳು 2001ರಲ್ಲೇ ಮುಚ್ಚಿದ್ದವು.

ರಜೆಯ ದಿನಗಳಿಂದ ಸಾಮರ್ಥ್ಯವನ್ನು ಅಳೆಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯನ್ನು ನೋಡಬೇಕು. ಅಲ್ಲಿ ಕಬ್ಬು ಕಡಿಯಲು ಗಂಡ-ಹೆಂಡತಿಯನ್ನು ಜೋಡಿಯಾಗಿ ಮುಂಗಡ ಕೊಟ್ಟು ಕರೆದೊಯ್ಯುವ ಪದ್ಧತಿ. ಒಂದು ದಿನ ತಪ್ಪಿದರೆ ದಂಡ. 2019ರಲ್ಲಿ ಸರ್ಕಾರ ನೇಮಿಸಿದ ಸಮಿತಿಯ ಪರಿಶೀಲನೆಯಲ್ಲಿ 82 ಸಾವಿರಕ್ಕೂ ಹೆಚ್ಚು ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದುದು ಕಂಡುಬಂತು. ತಿಂಗಳ ಮುಟ್ಟು, ಹೊಟ್ಟೆನೋವುಗಳಿಂದ ಕೆಲಸ ತಪ್ಪಬಾರದು ಎಂಬುದೂ ಇದರ ಹಿಂದಿದ್ದ ಕಾರಣಗಳಲ್ಲೊಂದು. ಇಂಥ ಮಹಿಳೆಗೆ ಸೂಚ್ಯಂಕದ ಐದನೇ ಅಂಶದಲ್ಲಿ ಪೂರ್ಣಾಂಕ! ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದಲೂ ಪ್ರತಿವರ್ಷ ಕಬ್ಬಿನ ಕಟಾವಿಗೆ ಗುಳೆ ಹೋಗುವ ಕುಟುಂಬಗಳಿವೆ ಎಂಬುದನ್ನು ಈ ಭಾಗದ ಓದುಗರಿಗೆ ನೆನಪಿಸಬೇಕಾಗಿಲ್ಲ.

ಇತ್ತೀಚಿನ ಸಂಶೋಧನೆ ಈ ಕೊರತೆಗಳನ್ನು ಗಮನಿಸಿಲ್ಲವೆಂದಲ್ಲ. 2016ರಲ್ಲಿ ಡಚ್ ಸಂಶೋಧಕ ವಾನ್ ಡರ್ ಕ್ಲಿಂಕ್ ಮತ್ತು ಸಂಗಡಿಗರು ನಮ್ಮ ಅಮರ್ತ್ಯ ಸೇನ್ ಅವರ ‘ಸಾಮರ್ಥ್ಯ’ದ ವಿಚಾರವನ್ನು ಈ ಕ್ಷೇತ್ರಕ್ಕೆ ತಂದರು. ವ್ಯಕ್ತಿ ಏನು ಮಾಡಬಲ್ಲ ಎನ್ನುವುದಷ್ಟೇ ಸಾಲದು. ತನಗೆ ಬೆಲೆಯುಳ್ಳದ್ದನ್ನು ಕೆಲಸದಲ್ಲಿ ಸಾಧಿಸಲು ಅವನಿಗೆ ನಿಜವಾದ ಅವಕಾಶವಿದೆಯೇ ಎಂದು ಕೇಳಬೇಕೆಂಬುದು ಅವರ ವಾದ. ಒಳ್ಳೆಯ ವಾದವೇ. ಆದರೆ ಅದನ್ನು ಅಳೆಯಲು ಅವರು ಹಿಡಿದದ್ದು ಮತ್ತೊಂದು ಪ್ರಶ್ನಾವಳಿಯನ್ನೇ. ಸಾಮರ್ಥ್ಯವೆಂಬುದು ಮನುಷ್ಯ ಮತ್ತು ಕೆಲಸ ಎರಡರ ನಡುವಿನ ಅನುಪಾತ ಎಂದು ಎಲ್ಲ ಪ್ರಬಂಧಗಳ ಪೀಠಿಕೆಯೂ ಹೇಳುತ್ತದೆ. ಇಲ್ಮಾರಿನೆನ್ ಅವರೇ ಇದನ್ನೊಂದು ಮಹಡಿ ಮನೆಗೆ ಹೋಲಿಸಿ, ಆರೋಗ್ಯ, ಕೌಶಲ, ಮನೋಭಾವಗಳ ಮೇಲಿರುವ ಕೆಲಸದ ಅಂತಸ್ತೇ ಅತ್ಯಂತ ಭಾರವಾದದ್ದು ಎಂದಿದ್ದಾರೆ. ಹಾಗಿದ್ದೂ ಅಳೆಯುವ ಹೊತ್ತಿಗೆ ಅಂಶವನ್ನು, ಅಂದರೆ ಮನುಷ್ಯನನ್ನು, ಮಾತ್ರ ಅಳೆಯುತ್ತಾರೆ. ಛೇದವನ್ನು ಅಳೆಯುವವರು ಯಾರು?

ಸಂಡೂರಿನಲ್ಲಿ ಈ ಛೇದ ಒಂದೇ ದಿನದಲ್ಲಿ ಸೊನ್ನೆಯಾದದ್ದೂ ಉಂಟು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಅದಿರು ಒಡೆದು ಬದುಕುತ್ತಿದ್ದವರ ತೋಳಿನಲ್ಲಿ ಶಕ್ತಿ ಹಾಗೆಯೇ ಇತ್ತು, ಕೆಲಸವಿರಲಿಲ್ಲ. ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವಂತಿಲ್ಲ. ಆ ಸಂಗತಿ ಬೇರೆಯೇ ಲೇಖನವಾಗುವಷ್ಟಿದೆ.

ಕೆಲಸವನ್ನು ಅಳೆಯುವುದು ಕಷ್ಟವೇನಲ್ಲ. ನೆಲ್ಲು ಹಚ್ಚುವ 50 ಕಿಲೋಗ್ರಾಂ ತೂಕದ ಹೆಂಗಸನ್ನು ತೆಗೆದುಕೊಳ್ಳಿ. ತಲೆ, ತೋಳು, ಮುಂಡ ಸೇರಿ ಸೊಂಟದ ಮೇಲಿನ ಭಾಗ ಸುಮಾರು 30 ಕಿಲೋಗ್ರಾಂ, ಅಂದರೆ 300 ನ್ಯೂಟನ್. ಬಗ್ಗಿ ನಿಂತಾಗ ಈ ಭಾರದ ಕೇಂದ್ರ ಸೊಂಟದ ಕೀಲಿನಿಂದ ಸುಮಾರು 27 ಸೆಂಟಿಮೀಟರ್ ಮುಂದಿರುತ್ತದೆ. ತಿರುಗುಬಲ ಸುಮಾರು 80 ನ್ಯೂಟನ್ ಮೀಟರ್. ಇದನ್ನು ತಡೆಹಿಡಿಯುವ ಬೆನ್ನಿನ ಸ್ನಾಯುಗಳು ಕೀಲಿನಿಂದ ಐದಾರು ಸೆಂಟಿಮೀಟರ್ ಮಾತ್ರ ಹಿಂದಿವೆ. ಆದ್ದರಿಂದ ಅವು ಎಳೆಯಬೇಕಾದ ಬಲ ಸುಮಾರು 1,450 ನ್ಯೂಟನ್, ಒಂದೂವರೆ ಕ್ವಿಂಟಾಲ್ ತೂಕಕ್ಕೆ ಸಮ. ಕೈಯಲ್ಲಿರುವುದು ಹಿಡಿ ಸಸಿ ಮಾತ್ರ, ನೆನಪಿಡಿ! ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ಸುಮ್ಮನಾಗಿ ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ ಎಂಬುದನ್ನು ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲೇ ತೋರಿಸಿದ್ದರು. ಅಸ್ಥಿರಜ್ಜು ರಬ್ಬರಿನಂತಲ್ಲ. ಬಹಳ ಹೊತ್ತು ಎಳೆತದಲ್ಲಿಟ್ಟರೆ ನಿಧಾನವಾಗಿ ಉದ್ದವಾಗುತ್ತ ಹೋಗುತ್ತದೆ, ಭಾರ ತೆಗೆದ ಮೇಲೂ ಮೊದಲಿನ ಸ್ಥಿತಿಗೆ ಮರಳಲು ಗಂಟೆಗಳೇ ಬೇಕಾಗಬಹುದು.

ಲೋಹಗಳಲ್ಲೂ ಇಂಥ ದಣಿವಿದೆ. ರೈಲಿನ ಅಚ್ಚುಗಳು ಕಡಿಮೆ ಭಾರದಲ್ಲೂ ಲಕ್ಷಾಂತರ ಬಾರಿ ಬಾಗಿ ಬಾಗಿ ಮುರಿಯುವುದನ್ನು ಜರ್ಮನಿಯ ವೋಲರ್ 1860ರ ದಶಕದಲ್ಲಿ ಅಭ್ಯಸಿಸಿದರು. ಅದೇ ತತ್ವವನ್ನು ಅಮೆರಿಕದ ಶಾನ್ ಗ್ಯಾಲಘರ್ 2010ರ ದಶಕದಲ್ಲಿ ದುಡಿಯುವವರ ಸ್ನಾಯು, ಮೂಳೆಗಳ ನೋವಿಗೆ ಅನ್ವಯಿಸಿದ್ದಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಹೊಸ ಕೆಲಸಗಳಲ್ಲಿ ಇದು ಹೆಚ್ಚು ಭರವಸೆ ಹುಟ್ಟಿಸುವಂಥದ್ದು. ಏಕೆಂದರೆ ಇದು ಭಾರ ಎಷ್ಟು, ಎಷ್ಟು ಬಾರಿ ಎಂದು ಕೆಲಸವನ್ನು ಕೇಳುತ್ತದೆ. ವ್ಯತ್ಯಾಸ ಒಂದೇ: ಅಚ್ಚು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳದು, ದೇಹ ಮಾಡಿಕೊಳ್ಳುತ್ತದೆ, ಬಿಡುವು ಮತ್ತು ಅನ್ನ ಸಿಕ್ಕರೆ.

ಇನ್ನು ಬಿಸಿಲು. ಕಠಿಣ ದುಡಿಮೆಯಲ್ಲಿ ದೇಹ ಸುಮಾರು 400 ವಾಟ್ ದರದಲ್ಲಿ ಶಕ್ತಿ ವ್ಯಯಿಸುತ್ತದೆ. ಅದರಲ್ಲಿ ಐದನೇ ಒಂದು ಭಾಗ ಕೆಲಸವಾದರೆ ಉಳಿದ 320 ವಾಟ್ ಶಾಖ. ಗಂಟೆಗೆ ಹನ್ನೊಂದೂವರೆ ಲಕ್ಷ ಜೂಲ್. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಒಯ್ಯುತ್ತದೆ. ಹಾಗಾಗಿ ಗಂಟೆಗೆ ಕನಿಷ್ಠ ಅರ್ಧ ಲೀಟರ್ ಬೆವರು ಆವಿಯಾಗಲೇಬೇಕು. ಸೂರ್ಯನ ಶಾಖದ ಲೆಕ್ಕ ಇದರಲ್ಲಿ ಸೇರಿಲ್ಲ. ಆಳೆತ್ತರ ಬೆಳೆದ ಕಬ್ಬಿನ ಒಳಗೆ ಗಾಳಿಯಾಡುವುದಿಲ್ಲ, ನೀರು ಹಾಯಿಸಿದ ನೆಲದಿಂದ ತೇವ ಏಳುತ್ತದೆ. ಅಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ದೇಹಕ್ಕೆ ನೀರಿನ ನಷ್ಟವೇ ಹೊರತು ತಂಪಿಲ್ಲ.

ಇದನ್ನು ಅಳೆಯಲು 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಿಗಾಗಿ ಯಾಗ್ಲೂ ಮತ್ತು ಮಿನಾರ್ಡ್ ಒಂದು ಸೂತ್ರ ಕೊಟ್ಟರು. ಒದ್ದೆ ಬಲ್ಬಿನ ತಾಪದ 0.7 ಭಾಗ, ಕಪ್ಪು ಗೋಳದ ತಾಪದ 0.2 ಭಾಗ, ನೆರಳಿನ ಗಾಳಿಯ ತಾಪದ 0.1 ಭಾಗ, ಇವುಗಳ ಮೊತ್ತ. ಇವು ಕ್ರಮವಾಗಿ 27, 52 ಮತ್ತು 39 ಡಿಗ್ರಿ ಇದ್ದರೆ ಮೊತ್ತ 33.2. ಬಿಸಿಲಿಗೆ ಒಗ್ಗಿಕೊಂಡವರಿಗೂ ಕಠಿಣ ದುಡಿಮೆಯಲ್ಲಿ ಅಂತರರಾಷ್ಟ್ರೀಯ ಮಾನಕದ ಮಿತಿ 26 ಡಿಗ್ರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ, ಶಾಖದಿಂದಾಗಿ 2030ರ ಹೊತ್ತಿಗೆ ಭಾರತ ತನ್ನ ದುಡಿಮೆಯ ಗಂಟೆಗಳಲ್ಲಿ ಶೇಕಡ 5.8ರಷ್ಟನ್ನು ಕಳೆದುಕೊಳ್ಳಲಿದೆ ಎಂದು ಅಂದಾಜು ಮಾಡಿತು. ಈ ಅಂದಾಜನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಅದರ ‘ಕಳೆದುಹೋದ ಗಂಟೆ’ ಎಂಬ ಮಾತಿನಲ್ಲೇ ಅನುಮಾನ. ಗುತ್ತಿಗೆ ಹಿಡಿದು ಎಕರೆ ಲೆಕ್ಕದಲ್ಲಿ ಹಚ್ಚುವ ಗುಂಪು ಗಂಟೆಯನ್ನು ಕಳೆದುಕೊಳ್ಳುವುದಿಲ್ಲ. ನಸುಕಿನಲ್ಲೇ ಗದ್ದೆಗೆ ಇಳಿಯುತ್ತದೆ, ಊಟದ ಬಿಡುವನ್ನು ಕತ್ತರಿಸುತ್ತದೆ. ಗಂಟೆ ಉಳಿಯುತ್ತದೆ, ನಷ್ಟ ದೇಹದ ಖಾತೆಗೆ ಹೋಗುತ್ತದೆ. ಎಲ್ ಸಾಲ್ವಡಾರ್, ನಿಕರಾಗುವಾಗಳ ಕಬ್ಬಿನ ಸೀಮೆಯಲ್ಲಿ ಆ ಖಾತೆ ಮೂತ್ರಪಿಂಡದ್ದಾಗಿತ್ತು. 2002ರಲ್ಲಿ ಅಲ್ಲಿನ ವೈದ್ಯರು ಸಕ್ಕರೆ ಕಾಯಿಲೆಯಾಗಲೀ ರಕ್ತದೊತ್ತಡವಾಗಲೀ ಇಲ್ಲದ ಗಂಡಸರಲ್ಲಿ ಮೂತ್ರಪಿಂಡ ವಿಫಲವಾಗುತ್ತಿರುವುದನ್ನು ವರದಿ ಮಾಡಿದರು. ಕಾರಣಗಳ ಚರ್ಚೆ ಮುಗಿದಿಲ್ಲ; ಆದರೂ ನೀರು, ನೆರಳು, ಬಿಡುವು ಎಂಬ ಮೂರನ್ನು ಕಡ್ಡಾಯ ಮಾಡಿದ ತೋಟಗಳಲ್ಲಿ ಮೂತ್ರಪಿಂಡಕ್ಕೆ ಆಗುವ ಪೆಟ್ಟು ತಗ್ಗಿದೆ. ಅಲ್ಲಿ ಬದಲಾಯಿಸಿದ್ದು ಕೆಲಸವನ್ನು, ಕೆಲಸಗಾರನ ಮನೋಭಾವವನ್ನಲ್ಲ. ನಮ್ಮಲ್ಲೂ ನರೇಗಾ ಕಾಮಗಾರಿಗಳಲ್ಲಿ ಈ ಭಾಗದ ಜಿಲ್ಲೆಗಳಿಗೆ ಬೇಸಿಗೆಯ ತಿಂಗಳುಗಳಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟು ಕೂಲಿ ಕಡಿತ ಮಾಡದಿರುವ ಪದ್ಧತಿ ಇತ್ತು. ತಿಂಗಳನ್ನು ನೋಡಿ ಕೊಟ್ಟ ರಿಯಾಯಿತಿ ಅದು, ತಾಪವನ್ನು ಅಳೆದಲ್ಲ. ಆದರೂ ಹಲವು ಪ್ರಬಂಧಗಳಿಗಿಂತ ಅದರಲ್ಲಿ ಹೆಚ್ಚು ವಿವೇಕವಿತ್ತು.

ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಲ್ಲಿ ಆರಂಭವಾಗಿದೆ. ಅದು 16ರಿಂದ 59 ವರ್ಷದವರಿಗೆ. ವೃದ್ಧಾಪ್ಯ ವೇತನಕ್ಕೆ 60, ಸಂಧ್ಯಾ ಸುರಕ್ಷಾಕ್ಕೆ 65 ಆಗಬೇಕು. 48ಕ್ಕೇ ಬಗ್ಗಲಾರದವಳು ಈ ಯಾವ ಪಟ್ಟಿಯಲ್ಲೂ ‘ಬಗ್ಗಲಾರದವಳು’ ಎಂದು ದಾಖಲಾಗುವುದಿಲ್ಲ. ನೋಂದಾಯಿತರಲ್ಲಿ ಕೆಲವು ಸಾವಿರ ಮಂದಿಯನ್ನು ಆಯ್ದು ಹತ್ತು ವರ್ಷ ಹಿಂಬಾಲಿಸಿ, ಕೆಲಸ ಬಿಟ್ಟವರು ಯಾವ ವಯಸ್ಸಿನಲ್ಲಿ, ಏಕೆ ಬಿಟ್ಟರು ಎಂದು ಬರೆದಿಟ್ಟರೆ ಅದು 1981ರ ಫಿನ್ಲೆಂಡಿನ ಅಧ್ಯಯನದ ನಿಜವಾದ ಅನುವಾದವಾದೀತು. ಪ್ರಶ್ನಾವಳಿಯ ಅನುವಾದ ಅದಕ್ಕೆ ಬದಲಿಯಲ್ಲ.

ಅಲ್ಲಿಯವರೆಗೆ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮಾಡಬಹುದಾದ ಒಂದು ಕೆಲಸವಿದೆ. 15 ಸೆಂಟಿಮೀಟರ್ ವ್ಯಾಸದ ತೆಳು ತಾಮ್ರದ ಗೋಳಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ನಡುವೆ ಬಲ್ಬು ಬರುವಂತೆ ಉಷ್ಣತಾಮಾಪಿಯೊಂದನ್ನು ಇಳಿಸಿ, ರಂಧ್ರವನ್ನು ಬಿರಡೆಯಿಂದ ಮುಚ್ಚಿ. ಇನ್ನೊಂದರ ಬಲ್ಬಿಗೆ ಹತ್ತಿಯ ಬತ್ತಿ ಸುತ್ತಿ ಅದರ ತುದಿ ನೀರಿನಲ್ಲಿರಲಿ; ಶಾಲೆಯ ಆರ್ದ್ರತಾಮಾಪಿಯಂತೆ ಇದನ್ನು ತಿರುಗಿಸಬಾರದು, ಬಿಸಿಲಿನಿಂದ ಮರೆಮಾಡಲೂ ಬಾರದು. ಮೂರನೆಯದು ನೆರಳಿನಲ್ಲಿರಲಿ. ಗೋಳದ ತಾಪ ನಿಲುಗಡೆಗೆ ಬರಲು ಸುಮಾರು 25 ನಿಮಿಷ ಬೇಕು. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಗದ್ದೆಯ ಬದುವಿನ ಮೇಲೊಮ್ಮೆ, ಕಬ್ಬಿನ ಸಾಲಿನ ಒಳಗೊಮ್ಮೆ ಓದಿ ಬರೆದುಕೊಳ್ಳಿ. ಎರಡನ್ನೂ ಒಂದೇ ಎತ್ತರದಲ್ಲಿ, ನೆಲದಿಂದ ಒಂದು ಮೀಟರಿನಷ್ಟು ಮೇಲೆ ಓದಬೇಕು. ಕೆಲಸ ಮಾಡುವವರು ಬಗ್ಗಿದಾಗ ತಲೆಯಿರುವುದು ಹೆಚ್ಚುಕಡಿಮೆ ಅಲ್ಲಿ.